ಈಚಲ ಮರದ ಕೆಳಗಿನ ಮಜ್ಜಿಗೆ

"ಅಪ್ಪೋ... ಬಸ್ಸು ಬತ್ತಾ ಅದೆ! ಏಳಪ್ಪಾ, ನಿನ್ ದಮ್ಮಯ್ಯ ಅಂತೀನಿ!"

ಚಾಮರಾಜನಗರದ ಬಸ್ ನಿಲ್ಲುವ ಜಾಗದ ಎದುರು, ನಡುರಸ್ತೆಯಲ್ಲಿ ಮಲ್ಲಿಗಮ್ಮ ತನ್ನ ಅಪ್ಪನ ತೋಳು ಹಿಡಿದು ಜಗ್ಗುತ್ತಿದ್ದಳು.

ಅಪ್ಪ ಬೀರಯ್ಯ ಏಳುವ ಸ್ಥಿತಿಯಲ್ಲಿರಲಿಲ್ಲ. ಮಟಮಟ ಮಧ್ಯಾಹ್ನವೇ ಹೊಟ್ಟೆ ತುಂಬ ಹೆಂಡ ಇಳಿಸಿಕೊಂಡು ತನ್ನ ಮನೆಯ ಜಗಲಿಯೆಂಬಂತೆ ರಸ್ತೆಯಲ್ಲಿ ಕಾಲು ಚಾಚಿ ಮಲಗಿಬಿಟ್ಟಿದ್ದ. ಸುತ್ತ ಜನವೋ ಜನ. ನೋಡುವುದಕ್ಕೆ ಜನ ಎಲ್ಲಿಂದಲಾದರೂ ಬರುತ್ತಾರೆ; ಎತ್ತುವುದಕ್ಕೆ ಮಾತ್ರ ಒಬ್ಬರಿಗೂ ಕೈ ಇರುವುದಿಲ್ಲ!

ಅವತ್ತು ಒಬ್ಬನಿಗೆ ಇತ್ತು.

ಖಾಕಿ ಅಂಗಿ ತೊಟ್ಟ ಯುವಕನೊಬ್ಬ ಗುಂಪು ಸೀಳಿಕೊಂಡು ಬಂದ. ಬಗ್ಗಿದ, ಬೀರಯ್ಯನನ್ನು ಹೆಗಲ ಮೇಲೆ ಹಾಕಿಕೊಂಡ, ಹುಣಸೆ ಮರದ ನೆರಳಿಗೆ ತಂದು ಮಲಗಿಸಿದ. ಅಷ್ಟರಲ್ಲಿ ಬೀರಯ್ಯ ಅವನ ಅಂಗಿಯ ಮೇಲೆಲ್ಲ ವಾಂತಿ ಮಾಡಿಬಿಟ್ಟ.

ಮಲ್ಲಿಗಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆದರೆ ಆ ಯುವಕ ಮುಖ ಸಿಂಡರಿಸಲಿಲ್ಲ. ತನ್ನ ಟವಲನ್ನು ಒದ್ದೆ ಮಾಡಿಕೊಂಡು ಬಂದು ಮೊದಲು ಒರೆಸಿದ್ದು ಬೀರಯ್ಯನ ಬಾಯಿಯನ್ನು! ಆಮೇಲೆ ತನ್ನ ಅಂಗಿಯನ್ನು.

*ಹೆತ್ತ ಮಗಳು ನಾನು... ನನಗೇ ಹೇಸಿಗೆಯಾಗುತ್ತೆ. ಇವನ್ಯಾರು? ಇವನಿಗೆ ಏನೂ ಅನ್ನಿಸುವುದಿಲ್ಲವೇ?*

ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಅವನೂ ತಲೆಯೆತ್ತಿ ನೋಡಿದ. ಆ ನೋಟದಲ್ಲಿ ಕನಿಕರವಿರಲಿಲ್ಲ, ನಗೆಯಿರಲಿಲ್ಲ. ತೀರಾ ಗುರುತಿನವನ ನೋಟ ಅದು.

"ನೋಡಮ್ಮಿ," ಎಂದ ಅವನು ಮೆಲ್ಲಗೆ. "ಗುಂಡ್ಲುಪೇಟೆ ಸಂತೆ ದಿನ ಇವರ್ನ ಕರಿಯವ್ವನ ಈಚಲ ತೋಪಿಗೆ ಕರ್ಕೊಂಡು ಬಾ."

ಮಲ್ಲಿಗಮ್ಮನ ಮುಖ ಕೆಂಪಾಯಿತು.

"ಏನಂದೆ? ಈಚಲ ತೋಪಿಗಾ? ಕುಡ್ದು ಸಾಯ್ತಾವ್ನೆ ನಮ್ಮಪ್ಪ, ಇನ್ನೂ ಕುಡ್ಸಕ್ಕೆ ಕರೀತೀಯಾ? ನಿನ್ ಮೊಕಕ್ಕಿಷ್ಟು ಬೆಂಕಿ ಹಾಕ! ಗಾಯದ ಮ್ಯಾಲೆ ಬರೆ ಎಳೆಯಕ್ಕೆ ಬಂದಾ?"

ಅವನಿಗೆ ಸಿಟ್ಟು ಬರಲಿಲ್ಲ.

"ಅಲ್ಲಿ ಎಂಡ ಇಲ್ಲ ಕಣಮ್ಮಿ. ಎಂಡ ಬುಟ್ಟೋರು, ಬುಡಬೇಕು ಅನ್ನೋರು ಕುಂತ್ಕೊಳ್ಳೋ ಜಾಗ ಅದು. ನನ್ನ ಹೆಸರು ಪುಟ್ಟಮಾದು. ಬಂಡೀಪುರದ ಕಾಡಿಗೆ ಬೆಂಕಿ ಬೀಳದಂಗೆ ಕಾಯೋ ಕೆಲಸ. ತೋಪಲ್ಲಿ ಯಾರ್ನ ಕೇಳಿದ್ರೂ ತೋರುಸ್ತಾರೆ."

ಒದ್ದೆ ಅಂಗಿಯಲ್ಲೇ ಬಸ್ಸು ಹತ್ತಿ ಹೋದ. ಧೂಳು ಕರಗುವವರೆಗೂ ಮಲ್ಲಿಗಮ್ಮ ಅಲ್ಲೇ ನಿಂತಿದ್ದಳು.

---

ಚಂದಕವಾಡಿಯ ಪಕ್ಕದ ಸಣ್ಣ ಊರು ಅವಳದು. ಸೀಮೆಗಳೆಲ್ಲ ಕೂಡಿ ಮೈಸೂರು ರಾಜ್ಯ ದೊಡ್ಡದಾದ ವರ್ಷ ಅದು. ರಾಜ್ಯ ದೊಡ್ಡದಾಯಿತು, ಮಲ್ಲಿಗಮ್ಮನ ಮನೆ ಮಾತ್ರ ಚಿಕ್ಕದಾಗಿತ್ತು. ಅವ್ವ ಚಿಕ್ಕನಿಂಗಮ್ಮ ಜ್ವರದಲ್ಲಿ ತೀರಿಕೊಂಡಿದ್ದಳು. ಅವತ್ತು ಮಲ್ಲಿಗಮ್ಮ ಅರಿಶಿನದ ಹೊಲದ ಕೂಲಿಗೆ ಹೋಗಿದ್ದಳು. ಅಪ್ಪ ಮನೆಯಲ್ಲೇ ಇದ್ದನೆಂದು ಅವಳು ತಿಳಿದಿದ್ದಳು... ಇದ್ದೂ ಇಲ್ಲದಂತೆ.

ಅವ್ವನ ತಿಥಿಯ ದಿನ ಒಲೆಯ ಮುಂದೆ ಕೂತು ಅವಳು ಆಣೆ ಮಾಡಿದ್ದಳು. *ಹೆಂಡ ಮುಟ್ಟಿದ ಗಂಡಿನ ಕೈ ನಾನು ಹಿಡಿಯಲ್ಲ. ಹಿಡಿದರೆ ನಾನು ನಮ್ಮವ್ವನ ಮಗಳೇ ಅಲ್ಲ.*

ಬಂದ ಸಂಬಂಧಗಳನ್ನೆಲ್ಲ ಅದಕ್ಕೇ ವಾಪಸು ಕಳಿಸಿದ್ದಳು. ಈಗ ಬರುವವರೂ ನಿಂತಿದ್ದರು.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಬೀರಯ್ಯ ಉಣ್ಣಲು ಕೂತ. ಕೈ ಗಡಗಡ ನಡುಗಿ ಮುದ್ದೆಯ ತುತ್ತು ಬಾಯಿಗೆ ಸೇರಲಿಲ್ಲ, ನೆಲಕ್ಕೆ ಬಿತ್ತು. ಇನ್ನೊಂದು ಮುರಿದ. ಅದೂ ಬಿತ್ತು. ತಟ್ಟೆ ಪಕ್ಕಕ್ಕೆ ತಳ್ಳಿ ಮಗುವಿನಂತೆ ಅಳತೊಡಗಿದ.

"ಸಾಕಾಯ್ತು ಕಣ್ ಮಗಾ... ಬುಡಬೇಕು ಅಂತೀನಿ, ಅದು ನನ್ನ ಬುಡಾಕಿಲ್ಲ."

ಅಪ್ಪ ಹಾಗೆ ಹೇಳಿದ್ದು ಅದೇ ಮೊದಲು. ಮಲ್ಲಿಗಮ್ಮನಿಗೆ ಖಾಕಿ ಅಂಗಿಯವನ ನೆನಪಾಯಿತು.

ಪಕ್ಕದ ಮನೆಯ ಸಣ್ಣತಾಯಮ್ಮ ವಿಷಯ ಕೇಳಿ ಗಲ್ಲದ ಮೇಲೆ ಕೈಯಿಟ್ಟಳು. "ಥೂ, ಬುದ್ಧಿ ನೆಟ್ಟಗದಾ ನಿಂಗೆ? ಈಚಲ ಮರದ ಕೆಳಗೆ ಕುಂತು ಮಜ್ಜಿಗೆ ಕುಡುದ್ರೂ ಜನ ಎಂಡ ಅಂತಾರೆ! ವಯಸ್ಸಿನ ಎಣ್ಣು ನೀನು, ಅಲ್ಲಿಗೆ ಓಯ್ತೀಯಾ?"

"ಇನ್ನೆಲ್ಲಿಗೆ ಓಗ್ಲಿ ಅತ್ತೆ? ನೀವೇ ಯೋಳಿ."

ಸಂತೆ ದಿನ ಅಪ್ಪ ಮಗಳು ಗುಂಡ್ಲುಪೇಟೆ ಬಸ್ಸು ಹತ್ತಿದರು.

---

ಊರಿನಿಂದ ಸ್ವಲ್ಪ ಹೊರಗೆ, ಹಳ್ಳದ ಪಕ್ಕ, ಈಚಲ ಮರಗಳು. ಕಾಂಡದ ತುಂಬ ಹಳೆಯ ಕೆತ್ತಿದ ಗಾಯಗಳು, ಆದರೆ ಒಂದು ಮರಕ್ಕೂ ಹೆಂಡದ ಮಡಕೆ ಕಟ್ಟಿರಲಿಲ್ಲ. ನಡುವೆ ಒಂದು ಗುಡಿಸಲು. ಒಂದು ಕಾಲಕ್ಕೆ ಆ ಸುತ್ತಿನಲ್ಲೇ ಹೆಸರಾದ ಹೆಂಡದಂಗಡಿ ಅದು. ನಡೆಸುತ್ತಿದ್ದ ಗಂಡ ಅದೇ ಹೆಂಡ ಕುಡಿದು ಸತ್ತ ಮೇಲೆ ಕರಿಯಮ್ಮ ಅಂಗಡಿ ಮುಚ್ಚಿದ್ದಳು. ಮಾರನೆಯ ವಾರ ಅದೇ ಮಡಕೆಯಲ್ಲಿ ಮಜ್ಜಿಗೆ ಮಾಡಿ, ಸಂತೆಯಿಂದ ಬರುವ ತನ್ನ ಹಳೆಯ ಗಿರಾಕಿಗಳನ್ನು ಕೂಗಿ ಕರೆದಿದ್ದಳಂತೆ. ಸಂತೆ ದಿನವೇ ತಾನೇ ಗಂಡಸರ ಕಾಲು ಇತ್ತ ತಿರುಗುವುದು!

ಮರಗಳ ಕೆಳಗೆ ಗಂಡಸರು ದುಂಡಗೆ ಕೂತಿದ್ದರು. ಗಾಡಿ ಹೊಡೆಯುವವನು, ಕೋಟು ಹಾಕಿದ ಶಾನುಭೋಗರು, ಮಡಕೆ ಮಾಡುವವನು, ಹುರಿಮೀಸೆಯ ಜಟ್ಟಿ... ಬೀರಯ್ಯ ದೂರದಲ್ಲೇ ನಿಂತ. ಅವನ ಜಾತಿಯವರು ಅಂಥವರ ಸಾಲಿನಲ್ಲಿ ಕೂತದ್ದುಂಟೇ?

"ಯಾಕ್ಲಾ ಅಲ್ಲೇ ನಿಂತೆ?" ಕರಿಯಮ್ಮ ಗದರಿದಳು. "ಕುಡಿಯೋವಾಗ ಪಕ್ಕದಲ್ಲಿ ಯಾರವ್ರೆ ಅಂತ ನೋಡ್ಕಂಡು ಕುಡೀತಿದ್ರಾ ನೀವೆಲ್ಲ? ಬುಡೋವಾಗ ಯಾಕೆ ನೋಡೀರಿ? ಬಾ, ಕುಂತ್ಕೊ."

ಶಾನುಭೋಗರು ಸರಿದು ಜಾಗ ಬಿಟ್ಟರು. ಬಿಟ್ಟರು! ಮಲ್ಲಿಗಮ್ಮ ತನ್ನ ಕಣ್ಣನ್ನೇ ನಂಬಲಿಲ್ಲ. ಗುಡಿಸಲ ಜಗಲಿಯ ಮೇಲೆ ಹೆಂಗಸರ ಜೊತೆ ಕೂತು ಉಸಿರು ಬಿಗಿ ಹಿಡಿದು ನೋಡತೊಡಗಿದಳು.

ಹುರಿಮೀಸೆಯ ಜಟ್ಟಿ ಎದ್ದು ನಿಂತ.

"ನಾನು ಲಿಂಗಯ್ಯ. ನನ್ನ ಮಗೀನ ಕಾಲ್ಗಡಗ ಮಾರಿ ಕುಡ್ದೆ. ಅದು ನಿದ್ದೆಲಿದ್ದಾಗ ಬಿಚ್ಕೊಂಡು ಓದೆ. ಎಚ್ಚರ ಆಗಿ ನನ್ನ ನೋಡ್ತು, ಅಪ್ಪ ಆಟ ಆಡ್ತಾವ್ನೆ ಅಂತ ನಕ್ತು." ಬಂಡೆಯಂಥ ಎದೆ ಏದುಸಿರು ಬಿಡುತ್ತಿತ್ತು. "ಇವತ್ತು ಕುಡ್ದಿಲ್ಲ."

"ಕೇಳ್ದೊ," ಎಂದರು ಎಲ್ಲರೂ. ಅಷ್ಟೇ! ಛೀ ಎನ್ನಲಿಲ್ಲ, ಪಾಪ ಎನ್ನಲಿಲ್ಲ, ಬುದ್ಧಿ ಹೇಳಲಿಲ್ಲ. ಕೇಳ್ದೊ.

ಮಲ್ಲಿಗಮ್ಮನ ಮೈಯೆಲ್ಲ ಜುಮ್ಮೆಂದಿತು. ಗಂಡಸರು ಬೈಯುವುದನ್ನು ನೋಡಿದ್ದಳು, ಹೊಡೆಯುವುದನ್ನು ನೋಡಿದ್ದಳು. ಹತ್ತು ಜನರ ಮುಂದೆ ತಪ್ಪು ಒಪ್ಪಿಕೊಳ್ಳುವುದನ್ನು ಈ ಜನ್ಮದಲ್ಲಿ ನೋಡಿರಲಿಲ್ಲ. ಗುಡಿಯಲ್ಲಿ ಗರ್ಭಗುಡಿಯ ಬಾಗಿಲು ತೆರೆದಾಗ ಆಗುವಂಥದ್ದೇನೋ ಅವಳ ಒಳಗೆ ಆಯಿತು. ಗೊತ್ತಿಲ್ಲದೆ ಕೈ ಮುಗಿದಿದ್ದಳು.

ಎಲ್ಲರ ಮಾತು ಮುಗಿದ ಮೇಲೆ ಮಜ್ಜಿಗೆ ಮಡಕೆ ಬಂತು. ಅಲ್ಲಿ ಯಾರೂ ತಾವೇ ಹುಯ್ದುಕೊಂಡು ಕುಡಿಯುವ ಹಾಗಿಲ್ಲ. ಒಬ್ಬ ಮಡಕೆ ಹಿಡಿದು ಸುತ್ತ ಬರಬೇಕು, ಉಳಿದವರು ಬೊಗಸೆ ಒಡ್ಡಬೇಕು.

ಮಡಕೆ ಹಿಡಿದು ಬಂದವನು ಪುಟ್ಟಮಾದು! ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ, ಒಂದು ತೊಟ್ಟು ಚೆಲ್ಲದಂತೆ ಹುಯ್ಯುತ್ತಿದ್ದ. ಬೀರಯ್ಯನ ಬೊಗಸೆ ನಡುಗಿದಾಗ ತನ್ನ ಒಂದು ಕೈಯನ್ನು ಅದರ ಕೆಳಗೆ ಆಸರೆಯಾಗಿ ಹಿಡಿದ.

*ತೀರ್ಥ ಕೊಟ್ಟ ಹಾಗೆ ಕೊಡುತ್ತಾನೆ...* ಅಂದುಕೊಂಡಳು ಮಲ್ಲಿಗಮ್ಮ. ತೀರ್ಥ ಕೊಡುವವನು ಮಡಿಯಲ್ಲಿರಬೇಕಲ್ಲವೇ? *ಹಾಗಿದ್ದರೆ ಇವನು ಹೆಂಡದ ವಾಸನೆಯನ್ನೂ ಕಾಣದವನು. ಅದಕ್ಕೇ ಇವನ ಕೈಗೆ ಮಡಕೆ!*

ನೋಡಿ, ಎಂಥ ಜಾಣ ಹುಡುಗಿ, ಎಂಥ ತಪ್ಪು ಲೆಕ್ಕ!

ಹೊರಡುವಾಗ ಅವಳು ಅವನ ಎದುರು ತಲೆ ತಗ್ಗಿಸಿದಳು. "ಅವತ್ತು ಬಾಯಿಗೆ ಬಂದಂಗೆ ಬೈದ್ಬುಟ್ಟೆ..."

"ಬುಡು. ಈಚಲ ತೋಪು ಅಂದ್ರೆ ಯಾರು ತಾನೇ ಬೈಯಾಕಿಲ್ಲ?" ಎಂದು ನಕ್ಕ.

ಕರಿಯಮ್ಮ ಹಿಂದಿನಿಂದ ಕೂಗಿದಳು: "ಜನ ಅಂದ್ಕಳ್ಳಿ ಕಣಮ್ಮಿ! ಎಂಡ ಕುಡ್ದಾಗ ಮಜ್ಜಿಗೆ ಅಂತ ಸುಳ್ಳು ಯೋಳ್ತಿದ್ರು ಇವರೆಲ್ಲ. ಈಗ ಮಜ್ಜಿಗೆ ಕುಡ್ದು ಎಂಡ ಅನ್ನುಸ್ಕಳ್ಳಿ ಬುಡು!"

---

ವಾರಗಳು ಉರುಳಿದವು. ಬೀರಯ್ಯ ತೋಪಿನಲ್ಲಿ ಬಾಯೇ ಬಿಡುತ್ತಿರಲಿಲ್ಲ. ನಡುವೆ ಒಮ್ಮೆ ಕುಡಿದೂ ಬಿಟ್ಟ. ಮುಂದಿನ ಸಂತೆಗೆ ಮುಖ ಮರೆಸಿಕೊಂಡು ಹೋದರೆ, ಅಲ್ಲಿ ಅವನ ಜಾಗ ಹಾಗೇ ಖಾಲಿ ಬಿಟ್ಟಿದ್ದರು. ಯಾರೂ ಏನೂ ಅನ್ನಲಿಲ್ಲ.

ಮಲ್ಲಿಗಮ್ಮನಿಗೋ ಸಂತೆ ದಿನ ಬಂತೆಂದರೆ ಹೃದಯ ಬಾಯಿಗೆ ಬರುತ್ತಿತ್ತು. ತುರುಬಿಗೆ ಹೂ ಮುಡಿಯುವುದೇನು, ಅರಿಶಿನದ ಕಲೆ ಹೋಗಲೆಂದು ಕೈಯನ್ನು ಹುಣಸೆಹಣ್ಣು ಹಾಕಿ ತಿಕ್ಕುವುದೇನು! ಸಣ್ಣತಾಯಮ್ಮ ನೋಡಿ ನೋಡಿ, "ಅಪ್ಪನ ಚಟ ಬುಡ್ಸಕ್ಕೆ ಓಗಿ ನೀನೊಂದು ಚಟ ಹಿಡ್ಕೊಂಡು ಬಂದಂಗದೆ ಕಣಮ್ಮಿ," ಎಂದು ಕಣ್ಣು ಮಿಟುಕಿಸಿದಳು.

ಬಸ್ಸಿಗೆ ಕಾಯುವಾಗ ಪುಟ್ಟಮಾದು ಜೊತೆಗೆ ನಿಲ್ಲುತ್ತಿದ್ದ. ಕಾಡಿನ ಮಾತು ಹೇಳುತ್ತಿದ್ದ. ಬೇಸಿಗೆಯಲ್ಲಿ ಬೆಂಕಿ ಹೇಗೆ ಸದ್ದಿಲ್ಲದೆ ಒಣ ಎಲೆಯ ಕೆಳಗೆ ಹರಿಯುತ್ತದೆ, ಆನೆಯ ಹಿಂಡು ಮರಿಗಳನ್ನು ನಡುವೆ ಇಟ್ಟುಕೊಂಡು ಹೇಗೆ ರಸ್ತೆ ದಾಟುತ್ತದೆ... ಅವಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಒಂದು ಸಂಜೆ ಅವನು ಟವಲಿನ ತುದಿ ಹಿಂಡುತ್ತ ಹೇಳಿದ: "ಮಲ್ಲಿ... ನಿನ್ನ ಕೇಳಬೇಕು ಅಂತ ಅದೆ. ಅದಕ್ಕೂ ಮೊದ್ಲು ಒಂದು ಮಾತು ಯೋಳಬೇಕು..."

ಅವಳಿಗೆ ಕೇಳುವ ವ್ಯವಧಾನ ಎಲ್ಲಿ? ಬಿಕ್ಕುವಷ್ಟು ಸಂತೋಷ! "ಯೋಳದೇ ಬ್ಯಾಡ. ನಂಗೊತ್ತು. ಎಂಡ ಮುಟ್ಟಿದೋನ ಕೈ ಹಿಡಿಯಾಕಿಲ್ಲ ಅಂತ ಆಣೆ ಮಾಡಿದ್ದೆ. ಅದಕ್ಕೇ ನಮ್ಮವ್ವ ನಿನ್ನಂಥೋನ್ನ ಕಳಿಸವಳೆ... ಕೊಳೆ ಇಲ್ಲದ ಕೈನೋನ!"

ಪುಟ್ಟಮಾದುವಿನ ಮುಖ ಬಿಳಿಚಿತು. ಬಸ್ಸು ಬಂತು. ಅವಳು ಹತ್ತಿದಳು. ಹೇಳಬೇಕಾದ ಮಾತು ಹೇಳದೇ ಉಳಿಯಿತು.

---

ಮುಂದಿನ ಸಂತೆ ದಿನ ಬೀರಯ್ಯ ಎದ್ದು ನಿಂತ.

"ನಾನು ಬೀರಯ್ಯ," ಎಂದ. "ನನ್ನ ಹೆಂಡ್ತಿ ಜರ ಬಂದು ಮಲಗಿದ್ಲು. ನೀರು ಕೇಳಿದ್ಲು. ತತ್ತೀನಿ ಅಂತ ಚೊಂಬು ತಕ್ಕೊಂಡು ಎದ್ದೆ. ಆ ಚೊಂಬು ಎಂಡದಂಗಡೀಲಿ ಅಡ ಇಟ್ಟು ಕುಡ್ದೆ. ಬರೋವಾಗ ಅವಳು ಇರಲಿಲ್ಲ." ಜಗಲಿಯ ಕಡೆ ತಿರುಗಿದ. "ಇದುನ್ನ ನನ್ನ ಮಗಳಿಗೆ ಯಾವತ್ತೂ ಯೋಳಿಲ್ಲ. ಇವತ್ತು ಕುಡ್ದಿಲ್ಲ."

"ಕೇಳ್ದೊ."

ಜಗಲಿಯ ಮೇಲೆ ಮಲ್ಲಿಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕೋಪ ಬರಬೇಕಿತ್ತು. ಆದರೆ ಆ ಮುರುಕು ದೇಹ ಅಷ್ಟು ಭಾರದ ಸತ್ಯವನ್ನು ಎತ್ತಿ ಎಲ್ಲರೆದುರು ಇಟ್ಟ ಬಗೆ ನೋಡಿ ಅವಳಿಗೆ ಬಂದದ್ದು ಅಳು.

"ಕೇಳ್ದೆ ಅಪ್ಪ..." ಎಂದಳು.

ಬೀರಯ್ಯ ಕೂರಲಿಲ್ಲ. "ಕರಿಯವ್ವ, ಇವತ್ತು ಮಡಕೆ ನಂಗೆ ಕೊಡು."

"ಕುಡಿಯಕ್ಕೆ ಅಷ್ಟು ಆಸೆ ಆಯ್ತಾ ಅದಾ?"

"ಜೀವ ಓಗಂಗೆ ಆಯ್ತಾ ಅದೆ."

"ಅಂಗಾರೆ ಹಿಡ್ಕೊ. ಅವತ್ತು ಯಾರಿಗೆ ಆಸೆ ಹೆಚ್ಚೋ ಅವರ ಕೈಗೆ ಮಡಕೆ, ಇದೇ ಅಲ್ವಾ ನಮ್ಮ ಕಟ್ಟಳೆ? ಎರಡು ಕೈ ತುಂಬಿರ್ತದೆ, ಇಷ್ಟು ಜನ ಬೊಗಸೆ ಒಡ್ಡಿ ಕಾಯ್ತಿರ್ತಾರೆ, ಎಲ್ಲಿಗೆ ಓಡೀಯೆ?" ಕರಿಯಮ್ಮ ತಿರುಗಿದಳು. "ಏನ್ಲಾ ಮಾದು, ಬುಟ್ಟುಕೊಟ್ಟೀಯಾ? ವಾರ ವಾರ ನಂಗೇ ಬೇಕು ಅಂತ ಇಸ್ಕೊತಿದ್ದೆ."

"ಬೀರಣ್ಣಂಗೇ ಕೊಡವ್ವ," ಎಂದ ಪುಟ್ಟಮಾದು. ಅವನು ಕರಿಯಮ್ಮನನ್ನು ನೋಡುತ್ತಿರಲಿಲ್ಲ, ಜಗಲಿಯ ಕಡೆ ನೋಡುತ್ತಿದ್ದ.

ಮಲ್ಲಿಗಮ್ಮನ ಕಿವಿ ಗುಂಯ್ ಎಂದಿತು.

*ವಾರ ವಾರ... ಇವನಿಗೇ ಆಸೆ ಹೆಚ್ಚು?*

ಅವಳು ಎದ್ದು ರಸ್ತೆಗೆ ಓಡಿದಳು. ಅವನು ಹಿಂದೆಯೇ ಬಂದ.

"ಕುಡೀತಿದ್ದಾ ನೀನು?"

"ಕುಡೀತಿದ್ದೆ. ನಿಮ್ಮಪ್ಪನ ಹಂಗೆ, ರಸ್ತೇಲಿ ಬೀಳೋ ಗಂಟ. ನನ್ನೂ ಯಾರೋ ಎತ್ತಿದ್ರು."

"ಈಗ್ಲೂ ಆಸೆ ಅದಾ?"

"ಅದೆ. ನಿನ್ನ ಕಂಡ ಮ್ಯಾಲೆ ಸ್ಯಾನೆ ಆಯ್ತು. ಗೊತ್ತಾದ್ರೆ ಓಯ್ತೀಯಾ ಅನ್ನೋ ಹೆದರಿಕೆ. ಹೆದರಿದಾಗಲೆಲ್ಲ ಅದು ಕೂಗ್ತದೆ."

"ಯಾಕೆ ಯೋಳ್ನಿಲ್ಲ ಮತ್ತೆ?"

"ಯೋಳಕ್ಕೆ ಬಂದೆ ಮಲ್ಲಿ. ಅಷ್ಟರಲ್ಲಿ ನೀನು ನನ್ನ ದೇವ್ರು ಮಾಡ್ಬುಟ್ಟಿದ್ದೆ. ಕೆಳಕ್ಕೆ ಇಳಿಯೋದು ಎಂಗೆ ಅಂತ ಗೊತ್ತಾಗ್ನಿಲ್ಲ."

"ಕುಡುಕನ ಮಗಳಾಗಿ ಅನುಭೋಗ್ಸಿದ್ದು ಸಾಕು!" ಅವಳು ಚೀರಿದಳು. "ಹೆಂಡ್ತಿಯಾಗಿ ಬೇರೆ ಅನುಭೋಗ್ಸಬೇಕಾ? ನನ್ನ ಕಣ್ಣಿಗೆ ಬೀಳಬ್ಯಾಡ!"

---

ಆಮೇಲೆ ಅವಳು ತೋಪಿಗೆ ಹೋಗಲಿಲ್ಲ. ಬೀರಯ್ಯ ಒಬ್ಬನೇ ಹೋಗಿ ಒಬ್ಬನೇ ಬಂದ, ನೆಟ್ಟಗೆ ನಡೆದುಕೊಂಡು! ನೋಡಲು ಕಣ್ಣೆರಡು ಸಾಲದಂತಿತ್ತು. ಆದರೆ ಮಲ್ಲಿಗಮ್ಮ ಕಳೆ ಕೀಳುತ್ತ ಕೀಳುತ್ತ ಅರಿಶಿನದ ಗಿಡವನ್ನೇ ಕೀಳುತ್ತಿದ್ದಳು. ಉಂಡರೆ ಸೇರದು, ಮಲಗಿದರೆ ನಿದ್ದೆ ಬಾರದು.

ಇನ್ನೊಂದು ಸಂತೆಯ ಮಾರನೆಯ ಮಧ್ಯಾಹ್ನ ಬೀರಯ್ಯ ಮಗಳ ಮುಂದೆ ಬಂದು ಕೂತ.

"ಮಾದು ನಿನ್ನೆ ತೋಪಿಗೆ ಬರಲಿಲ್ಲ ಕಣ್ ಮಗಾ. ಯಾವತ್ತೂ ತಪ್ಪಿಸಿದೋನಲ್ಲ."

ಅವಳ ಕೈಯಲ್ಲಿದ್ದ ಮೊರ ನಿಂತಿತು. "ನಂಗೇನು ಅದುಕ್ಕೆ?" ಎಂದಳು.

"ನಿಮ್ಮವ್ವನ್ನ ಸಾಯಕ್ಕೆ ಬುಟ್ಟೋನು ನಾನು. ನನ್ನ ಮಾತ್ನ ಕೇಳ್ದೆ ಅಂದೆ. ಅವನು ಯಾರಿಗೇನು ಮಾಡವನೆ? ಆಸೆ ಬಂದಾಗ ಅಂಗಡಿಗೆ ಓಗದೆ ಮಡಕೆ ಹಿಡ್ಕೊಂಡ. ಅಷ್ಟೇ ಅವನ ತಪ್ಪು." ಬೀರಯ್ಯ ಕಣ್ಣೊರೆಸಿಕೊಂಡ. "ಅವನ ವಯಸ್ಸಲ್ಲಿ ನಾನು ಆ ಮಡಕೆ ಹಿಡ್ದಿದ್ರೆ ನಿಮ್ಮವ್ವ ಇವತ್ತು ಬದುಕಿರೋಳು ಕಣ್ ಮಗಾ."

ಮಲ್ಲಿಗಮ್ಮ ಮೊರ ಕೆಳಗಿಟ್ಟಳು.

*ಆಸೆಯೇ ಇಲ್ಲದವನು ಬಿಟ್ಟರೆ ಅದೇನು ಮಹಾ? ಇವನು ವಾರ ವಾರ ಸಾಯುತ್ತ, ನಗುತ್ತ, ಬೇರೆಯವರ ಬೊಗಸೆ ತುಂಬಿದನಲ್ಲ... ಅವ್ವಾ, ನಿನ್ನ ಆಣೆ ಹಿಡಿದು ನಾನು ಯಾರನ್ನು ದೂರ ಮಾಡಿದೆ!*

"ಅಪ್ಪಾ, ನಾನು..."

"ಓಗು ಮಗಾ. ಬಸ್ಸು ತಪ್ಪೋಯ್ತದೆ."

---

ತೋಪಿನಲ್ಲಿ ಕರಿಯಮ್ಮ ಅವಳ ಮುಖ ನೋಡಿದ್ದೇ ಬಂಡೀಪುರದ ರಸ್ತೆಯತ್ತ ಕೈ ತೋರಿಸಿದಳು.

ಮಲ್ಲಿಗಮ್ಮ ಓಡಿದಳು. ಬಿಸಿಲು ಇಳಿಯುತ್ತಿತ್ತು. ರಸ್ತೆ ಪಕ್ಕದಲ್ಲಿ ಒಂದು ಹೆಂಡದಂಗಡಿ, ಗದ್ದಲ, ನಗು. ಎದುರಿನ ಆಲದ ಮರದ ಕೆಳಗೆ, ಕಲ್ಲಿನ ಮೇಲೆ, ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಕೂತಿದ್ದ ಪುಟ್ಟಮಾದು. ಮೈಯೆಲ್ಲ ಬೆವರು.

ಅವಳು ಅವನ ಮುಂದೆ ಬಂದು ನಿಂತಳು. "ಕುಡ್ದಾ?"

ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು, ಆದರೆ ತಿಳಿಯಾಗಿತ್ತು. "ಇಲ್ಲ. ವತ್ತಾರೆಯಿಂದ ಇಲ್ಲೇ ಕುಂತಿವ್ನಿ. ಒಳಕ್ಕೂ ಓಗ್ನಿಲ್ಲ. ಎದ್ದು ಓಗಕ್ಕೂ ಆಯ್ತಾ ಇಲ್ಲ."

"ತೋಪಿಗ್ಯಾಕೆ ಬರಲಿಲ್ಲ?"

"ಜಗಲಿ ಮ್ಯಾಲೆ ನೀನು ಕುಂತ್ಕೊಳ್ಳೋ ಜಾಗ ಖಾಲಿ ಕಾಣ್ತದೆ ಅಂತ."

ಅವಳು ಅಂಗಡಿಯತ್ತ ತಿರುಗಿ ನೋಡಿದಳು. ಆಚೆ ಹತ್ತು ಹೆಜ್ಜೆಗೆ ಹೆಂಡ. ಈಚೆ ಇವನು. ಬೆಳಗಿನಿಂದ ಸಂಜೆವರೆಗೆ, ಯಾರೂ ನೋಡದ ಯುದ್ಧ! ಅವಳು ಮನಸ್ಸಿನಲ್ಲಿ ಮಾಡಿಕೊಂಡಿದ್ದ ದೇವರಿಗಿಂತ ಈ ನಡುಗುವ ಮನುಷ್ಯ ಎಷ್ಟೋ ದೊಡ್ಡವನಾಗಿ ಕಂಡ. ಕಣ್ಣು ತುಂಬಿ ಬಂತು.

"ನಾನು ತಪ್ಪು ಮಾಡ್ಬುಟ್ಟೆ," ಎಂದಳು. "ದೇವ್ರು ಬ್ಯಾಡ ನಂಗೆ. ನೀನೇ ಬೇಕು."

ಅವಳು ಅದೇ ಕಲ್ಲಿನ ಮೇಲೆ, ಅವನ ಪಕ್ಕದಲ್ಲಿ ಕೂತಳು. ಅವನ ಒಂದು ಕೈಯನ್ನು ಕಂಕುಳಿಂದ ಎಳೆದು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೆಂಡ ಮುಟ್ಟಿದ ಕೈ. ಬಿಡಲಿಲ್ಲ.

"ಈಗ್ಲೂ ಆಸೆ ಅದಾ?"

"ಅದೆ."

"ಅಂಗಾರೆ ಅದು ಓಗೋ ಗಂಟ ಇಲ್ಲೇ ಕುಂತಿರ್ತೀನಿ."

"ನಿನ್ ಬಸ್ಸು ಓಯ್ತದೆ ಮಲ್ಲಿ."

"ಓಗ್ಲಿ ಬುಡು."

"ನಾಳೆನೂ ಬತ್ತದೆ ಈ ಆಸೆ. ನಾಡಿದ್ದೂ ಬತ್ತದೆ. ಸಾಯೋ ಗಂಟ ಬುಡಾಕಿಲ್ಲ ಅಂತಾಳೆ ಕರಿಯವ್ವ. ಆಗೇನು ಮಾಡೀಯೆ?"

ಮಲ್ಲಿಗಮ್ಮ ಮೂಗೊರೆಸಿಕೊಂಡು ಅವನತ್ತ ತಿರುಗಿದಳು.

"ಅದಕ್ಕೇ ಬೇಗ ಮದ್ವೆ ಆಗನ. ದಿನಾ ಚಾಮರಾಜನಗರದಿಂದ ಬಸ್ಸು ಹತ್ತಿ ಬರಕ್ಕೆ ನನ್ ಕೈಲಿ ಆಗಾಕಿಲ್ಲ!"